ಮೂವತ್ತು ಇಂಚಿನ ಅನುಮಾನ

ಮರ ಕಡಿಯುವ ಚಿತ್ತಪ್ಪನ ಹೆಸರನ್ನು ಗಂಧದ ಮರದ ಕಳವಿನ ದೂರಿನಲ್ಲಿ ಬರೆಸಿದವಳು ನಾನು. ಊರಿನಲ್ಲಿ ಈಗ ಆ ಕಥೆಯನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ. ನಾಲ್ಕರಲ್ಲೂ ನನ್ನ ತಪ್ಪು ಇರಬೇಕಾದ್ದಕ್ಕಿಂತ ಚಿಕ್ಕದಾಗಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ನಮ್ಮೂರು ಹಿರಿಯೂರು ತಾಲ್ಲೂಕಿನದು, ಐಮಂಗಲದ ಹೆದ್ದಾರಿಯಿಂದ ನಾಲ್ಕು ಮೈಲಿ ಒಳಗೆ. ಚಿತ್ತಪ್ಪನದು ಕುರಿ ಸಾಕುವ ಮನೆತನ. ಬೇಸಿಗೆಯಲ್ಲಿ ಹುಲ್ಲು ಮುಗಿದ ಮೇಲೆ ಮಂದೆಗೆ ಮರದ ಸೊಪ್ಪೇ ಗತಿ. ಅವನ ತಂದೆ ಸಣ್ಣಪ್ಪ ಬೇವು, ಬನ್ನಿ, ಜಾಲಿ ಹತ್ತಿ ಕೊಂಬೆಗಳನ್ನು ಪೂರ್ತಿ ಕಡಿಯದೆ ಮುಕ್ಕಾಲು ಕಚ್ಚು ಹಾಕಿ ಬಗ್ಗಿಸುತ್ತಿದ್ದನಂತೆ. ಕೊಂಬೆ ಮುರಿಯದೆ, ಉಳಿದ ಎರಡು ಬೆರಳು ನಾರಿನ ಮೇಲೆ ಮೆಲ್ಲಗೆ ಬಾಗಿ ಮೇಕೆಯ ಬಾಯಿಗೆ ಬರುತ್ತಿತ್ತು. ಎಷ್ಟು ಕಡಿದರೆ ಬಾಗುತ್ತದೆ, ಎಷ್ಟು ಕಡಿದರೆ ಮುರಿದು ಕೆಳಗಿದ್ದವನ ಮೇಲೆ ಬೀಳುತ್ತದೆ ಎಂಬುದೇ ಆ ವಿದ್ಯೆ. ಮಗ ಕುರಿ ಬಿಟ್ಟ, ವಿದ್ಯೆಯನ್ನು ಬಿಡಲಿಲ್ಲ. ದೊಡ್ಡ ಮರ ಉರುಳಿಸುವಾಗಲೂ ಅವನು ಮಾಡುತ್ತಿದ್ದದ್ದು ಅದನ್ನೇ. ಬೀಳಬೇಕಾದ ಕಡೆ ಬಾಯಿ ತೆಗೆದು, ಹಿಂದಿನಿಂದ ಕೊಯ್ದು, ನಡುವೆ ಒಂದಿಷ್ಟು ನಾರು ಉಳಿಸಿದರೆ ಮರ ಅದರ ಮೇಲೆ ಬಾಗಿಲಿನಂತೆ ತಿರುಗಿ ಹೇಳಿದ ಜಾಗದಲ್ಲಿ ಮಲಗುತ್ತದೆ.

ಅವನು ಯಾರನ್ನೂ ನಂಬುವವನಲ್ಲ. ಮರವನ್ನು ಮೊದಲೇ ನಂಬುವುದಿಲ್ಲ. ಕೊಡಲಿಯ ಹಿಂಬದಿಯಿಂದ ಬುಡದ ಸುತ್ತ ಬಡಿದು, ಕಿವಿಗೊಟ್ಟು, ಒಳಗೆ ಪೊಟರೆ ಇದೆಯೇ ಎಂದು ನೋಡುತ್ತಾನೆ. ಬೇರೆಯವರು ಕಟ್ಟಿದ ಹಗ್ಗದ ಗಂಟನ್ನು ಬಿಚ್ಚಿ ತಾನೇ ಮತ್ತೆ ಕಟ್ಟುತ್ತಾನೆ. ಬಂಕಿನಲ್ಲಿ ಹಾಕಿಸಿದ ಪೆಟ್ರೋಲನ್ನು ಬಾಟಲಿಗೆ ಹಾಕಿ ಬಿಸಿಲಿಗೆ ಹಿಡಿದು ನೋಡುತ್ತಾನೆ. ನಾಲ್ಕು ಮಾತು ಕೇಳಿದರೆ ಒಂದು ಉತ್ತರ, ಅದೂ ನೆಲ ನೋಡಿಕೊಂಡು. ಇಂಥವರನ್ನು ಕಂಡರೆ ಜನಕ್ಕೆ ಅನುಮಾನ ಬರುವುದು ಸಹಜ. ನನಗೂ ಬಂದಿತ್ತು.

ನಾನು ದುರ್ಗದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ, ನಿವೃತ್ತಳಾಗಿ, ತಂದೆಯಿಂದ ಬಂದ ಹೊಲ ನೋಡಿಕೊಳ್ಳಲು ಊರಿಗೆ ಬಂದವಳು. ಪಂಪಿನ ಮನೆಯ ಹಿಂದೆ, ಬದುವಿನ ಮೇಲೆ, ಒಂದು ಗಂಧದ ಮರ ತಾನಾಗಿ ಹುಟ್ಟಿ ಬೆಳೆದಿತ್ತು. ಪ್ರತಿ ಸಂಕ್ರಾಂತಿಗೆ ದರ್ಜಿಯ ಟೇಪು ಸುತ್ತಿ ಅಳತೆ ತೆಗೆದು ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದೆ. ಒಮ್ಮೆ ಬೇವಿನ ಕೊಂಬೆ ಕಡಿಯಲು ಬಂದ ಚಿತ್ತಪ್ಪ ಆ ಅಂಕಿಯ ಮುಂದೆ ನಿಂತು, "ಇದನ್ನ ಅಳಿಸಿಬಿಡ್ರಿ ಮೇಡಮ್ಮೋರೆ" ಎಂದ.

"ಯಾಕೆ?"

"ಕುರಿ ಕೊರಳಿಗೆ ತೂಕ ಬರೆದು ಕಟ್ಟಿದಂಗೆ ಐತೆ."

ಅದು ಒಳ್ಳೆಯ ಸಲಹೆ. ನಾನು ಮಾತ್ರ ಅವನ ಕಣ್ಣು ನನ್ನ ಗಂಧದ ಮೇಲೆ ಬಿದ್ದಿದೆ ಎಂದುಕೊಂಡೆ. ಅಂಕಿಯನ್ನು ಅಳಿಸಲಿಲ್ಲ.

ಎರಡು ಸಾವಿರದ ಹದಿನಾಲ್ಕರ ಸಂಕ್ರಾಂತಿಗೆ ಅಲ್ಲಿ ಬರೆಸಿದ ಅಂಕಿ ಮೂವತ್ತು. ಮರದ ಸುತ್ತಳತೆ ಮೂವತ್ತು ಇಂಚು. ನಮ್ಮ ಕಡೆ ಮರವನ್ನು ಅಳೆಯುವುದೇ ಹಾಗೆ. ಸಾಮಿಲ್ಲಿನವರು, ಇಲಾಖೆಯವರು, ಸೌದೆ ಕೊಳ್ಳುವವರು, ಎಲ್ಲರೂ ಹಗ್ಗ ಸುತ್ತಿ ಹೇಳುವವರು. "ಎಷ್ಟು ಇಂಚಿನ ಮರ?" ಎಂದರೆ ಸುತ್ತು ಎಷ್ಟು ಎಂದೇ ಅರ್ಥ. ಬೇರೆ ಅರ್ಥ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ತಿಪ್ಪೇರುದ್ರಪ್ಪ ನಮ್ಮ ಜಗುಲಿಗೆ ಬಂದ. ಊರ ಬಾಗಿಲಿನಲ್ಲಿ ಚಿಲ್ಲರೆ ಅಂಗಡಿ ಇಟ್ಟವನು. ಯಾರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದೂ ಅವನಿಗೆ ಗೊತ್ತು. ದುರ್ಗದಿಂದ ಬರುವ ಬಸ್ಸಿನಲ್ಲಿ ಚಿತ್ತಪ್ಪನ ಹಿಂದಿನ ಸೀಟಿನಲ್ಲಿ ಕೂತಿದ್ದನಂತೆ.

"ಫೋನಿನಾಗೆ ಮಾತಾಡ್ತಿದ್ದ ಮೇಡಮ್ಮೋರೆ. ನನ್ನ ನೋಡ್ಲಿಲ್ಲ. 'ಮೂವತ್ತಿಂದೇ ಬೇಕು ಕಣಲೇ, ಇಪ್ಪತ್ತೈದು ಸಾಲಲ್ಲ' ಅಂದ. 'ಮಳೆ ಬರಾದ್ರೊಳಗೆ ಉರುಳಿಸ್ಬೇಕು, ಯಾರ್ ಮುಂದೂ ಬಾಯಿ ಬಿಡಬ್ಯಾಡ' ಅಂದ. ನಾನೇನೂ ಹೇಳಲ್ಲಪ್ಪ. ಕೇಳಿದ್ದನ್ನ ಹೇಳ್ದೆ."

"ಯಾರ ಜೊತೆ ಮಾತು?"

"ಅವನ ಭಾಮೈದ ಉಗ್ರಪ್ಪ ಇರ್ಬೇಕು. ಕುಂಟ್ಕಂಡು ಓಡಾಡ್ತಾನಲ್ಲ, ಅವ್ನು."

ಊರಿನಲ್ಲಿ ಇದ್ದದ್ದು ಎರಡೇ ಗಂಧದ ಮರ. ಒಂದು ಮುದ್ದಕ್ಕನ ಹೊಲದ್ದು, ಸುಮಾರು ಇಪ್ಪತ್ತೈದರ ಸುತ್ತು. ಇನ್ನೊಂದು ನನ್ನದು. ತಿಪ್ಪೇರುದ್ರಪ್ಪ ಹೋದ ಮೇಲೆ ಹೊಲಕ್ಕೆ ಹೋಗಿ ಬೊಡ್ಡೆಯ ಮೇಲಿನ ಅಂಕಿಯನ್ನು ನೋಡಿದೆ. ನಾನೇ ಬರೆಸಿದ್ದು, ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದೆ.

ಮರುದಿನ ಚಿತ್ತಪ್ಪನನ್ನು ಕರೆಸಿ ನೇರವಾಗಿ ಕೇಳಿದೆ.

"ಮೂವತ್ತಿಂಚು ಅಂದೆಯಂತೆ. ಯಾವ ಮರ ಅದು?"

ಅವನ ಮುಖ ಗಟ್ಟಿಯಾಯಿತು. "ಯಾರ್ ಹೇಳಿದ್ರು?"

"ಯಾರಾದರೂ ಹೇಳಲಿ. ಯಾವ ಮರ?"

"ಈ ಊರಿಂದಲ್ಲ ಬಿಡ್ರಿ."

"ಯಾವ ಊರಿನದು?"

"ಅದನ್ನ ಹೇಳಾಕಾಗಲ್ಲ ಮೇಡಮ್ಮೋರೆ. ಕೆಲ್ಸ ಆದ್ಮೇಲೆ ಹೇಳ್ತೀನಿ."

ಅಷ್ಟು ಹೇಳಿ ಹೋದ. ಕೆಲಸ ಆದ ಮೇಲೆ ಹೇಳುತ್ತೇನೆ ಎಂಬ ಮಾತು ನನ್ನ ತಲೆಯಲ್ಲಿ ಒಂದು ವಾರ ಕೂತಿತ್ತು. ಒಬ್ಬ ಆಳನ್ನು ಪಂಪಿನ ಮನೆಯಲ್ಲಿ ಮಲಗಲು ಹೇಳಿದೆ. ಐದು ದಿನ ಮಲಗಿದ. ಆರನೆಯ ದಿನ ಮದುವೆಗೆಂದು ಹೊಸದುರ್ಗಕ್ಕೆ ಹೋದ. ಏಳನೆಯ ಬೆಳಿಗ್ಗೆ ಮರ ಇರಲಿಲ್ಲ.

ಕಣಕಾಲಿನ ಎತ್ತರಕ್ಕೆ ಬುಡ ಉಳಿದಿತ್ತು. ಕೊಂಬೆ, ಸೊಪ್ಪು ಎಲ್ಲ ಅಲ್ಲೇ ಬಿದ್ದಿತ್ತು, ಬೊಡ್ಡೆ ಮಾತ್ರ ಹೋಗಿತ್ತು. ಬಿಳಿಯ ಅಂಕಿಯೂ ಅದರ ಜೊತೆಗೆ ಹೋಗಿತ್ತು. ಅರಣ್ಯ ಇಲಾಖೆಯವರು ಬಂದರು. ಯಾರ ಮೇಲಾದರೂ ಅನುಮಾನ ಇದೆಯೇ ಎಂದು ಕೇಳಿದರು. ಇದೆ ಎಂದೆ. ಬಸ್ಸಿನ ಮಾತನ್ನೂ, ಮೂವತ್ತು ಎಂಬ ಅಂಕಿಯನ್ನೂ, ಕೇಳಿದಾಗ ಅವನು ಉತ್ತರ ಕೊಡದೆ ಹೋದದ್ದನ್ನೂ ಒಂದರ ಕೆಳಗೊಂದು ಬರೆಸಿ ಸಹಿ ಹಾಕಿದೆ. ಹೇಳಿಕೆ ಬಹಳ ಅಚ್ಚುಕಟ್ಟಾಗಿತ್ತು. ಅದನ್ನು ಓದಿದ ಯಾರೇ ಆದರೂ ಚಿತ್ತಪ್ಪನನ್ನು ಹಿಡಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನನ್ನೂ ಅವನ ಮರ ಕೊಯ್ಯುವ ಮಿಷಿನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು.

ಮೂರನೆಯ ದಿನ ಬೆಳಿಗ್ಗೆ ಅವನ ಹೆಂಡತಿ ನಿಂಗಕ್ಕ ಬಂದಳು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ನಾನು ಸಿದ್ಧವಾಗಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಕಂಕುಳಲ್ಲಿ ಗೋಣಿ ಸುತ್ತಿದ ಉದ್ದನೆಯ ವಸ್ತು ಇತ್ತು.

"ಹೊಲಕ್ಕೆ ಬರ್ರಿ" ಎಂದಳು.

"ಇಲ್ಲೇ ಹೇಳು ನಿಂಗಕ್ಕ."

"ಇಲ್ಲಿ ಹೇಳಿದ್ರೆ ತಿಳಿಯಲ್ಲ. ಎದ್ದು ಬರ್ರಿ ಅಂದೆ."

ನನ್ನ ಜೊತೆ ಆ ದನಿಯಲ್ಲಿ ಮಾತಾಡುವವರು ಕಡಿಮೆ. ಎದ್ದು ಹೋದೆ.

ಬುಡದ ಹತ್ತಿರ ಕೂತು ಅವಳು ಗೋಣಿ ಬಿಚ್ಚಿದಳು. ಮಿಷಿನಿನ ಮೂತಿಗೆ ಹಾಕುವ ಉಕ್ಕಿನ ಉದ್ದ ಪಟ್ಟಿ. ಅದರ ಅಂಚಿನ ತೋಡಿನಲ್ಲೇ ಹಲ್ಲಿನ ಸರಪಳಿ ಓಡುವುದು. ಅಂಗಡಿಯವರು ಅದನ್ನು ಬಾರ್ ಎನ್ನುತ್ತಾರೆ. ಇದು ಸವೆದ ಹಳೆಯ ಬಾರ್, ಮನೆಯ ಅಟ್ಟದ ಮೇಲೆ ಇದ್ದದ್ದು. ಅದನ್ನು ಬುಡದ ಮೇಲೆ ಅಡ್ಡ ಇಟ್ಟಳು. ಬುಡದ ಆಚೆ ಒಂದು ಗೇಣಿಗೂ ಹತ್ತಿರ ಚಾಚಿಕೊಂಡಿತು.

"ಇದು ಹದಿನೆಂಟಿಂದು. ಅವ್ರ ಹತ್ರ ಇದ್ದಿದ್ದೂ ಹದಿನೆಂಟಿಂದೇ. ನಿಮ್ ಗಂಧಕ್ಕೆ ಇದೇ ಜಾಸ್ತಿಯಾತು. ಇನ್ನ ಮೂವತ್ತು ಯಾತಕ್ರಿ? ಮಗ್ಗುಲಲ್ಲಿರೋ ನಿಮ್ ಪಂಪಿನ ಮನೆ ಕೊಯ್ಯಾಕಾ?"

ನಾನು ಬಾರನ್ನು ನೋಡಿದೆ, ಬುಡವನ್ನು ನೋಡಿದೆ.

"ಮೂವತ್ತು ಅಂದದ್ದು ಇದರ ಉದ್ದವಾ?"

"ಮತ್ತಿನ್ನೇನು? ನಂಗೂ ಮೊದ್ಲು ತಿಳಿದಿರ್ಲಿಲ್ಲ. ದುರ್ಗಕ್ಕೋಗಿ ಬಾರ್ ನೋಡ್ಕಂಡು ಬಂದೆ ಅಂದ್ರು. ಬಾರ್ ನೋಡಾಕೆ ದುರ್ಗಕ್ಕೆ ಯಾಕೆ, ಐಮಂಗಲದಾಗೇ ಎರಡು ಅವಲ್ಲ, ಬ್ರಾಂದಿ ಅಲ್ಲಿ ಸಿಗಲ್ವಾ ಅಂತ ಜಗಳ ಮಾಡಿದ್ದೆ. ನಾನು ಓದ್ದೋಳಲ್ಲ. ನೀವು ಲೆಕ್ಕದ ಮೇಡಮ್ಮೋರು."

ಸುತ್ತಳತೆ ಮೂವತ್ತಾದರೆ ಅಡ್ಡಳತೆ ಹತ್ತಕ್ಕೂ ಕಡಿಮೆ. ಇದನ್ನು ನಾನು ಸಾವಿರಾರು ಮಕ್ಕಳಿಗೆ ಕಲಿಸಿದ್ದೆ. ಮರಕ್ಕೆ ಸುತ್ತು ಹೇಳುವ ರೂಢಿಯಲ್ಲಿ ಮಿಷಿನಿನ ಮೂವತ್ತನ್ನೂ ಸುತ್ತು ಎಂದೇ ಓದಿ, ಒಬ್ಬ ಮನುಷ್ಯನನ್ನು ಜೀಪು ಹತ್ತಿಸಿದ್ದೆ. ತಿಪ್ಪೇರುದ್ರಪ್ಪ ಹಾಗೆ ಓದಿದ್ದರೆ ಕ್ಷಮಿಸಬಹುದು. ನನಗೆ ಆ ರಿಯಾಯಿತಿ ಇಲ್ಲ.

"ಹಾಗಾದರೆ ಮೂವತ್ತರದು ಯಾವ ಮರಕ್ಕೆ?"

ನಿಂಗಕ್ಕ ಬಾರನ್ನು ಮತ್ತೆ ಗೋಣಿಗೆ ಸುತ್ತತೊಡಗಿದಳು. ನನಗೆ ಹೇಳಬಹುದೋ ಬಾರದೋ ಎಂದು ತೂಗುತ್ತಿದ್ದಳು. ನಾನು ಅವಸರ ಮಾಡಲಿಲ್ಲ.

"ಹೊಳಲ್ಕೆರೆ ಜಂಬಣ್ಣೋರ ಎಣ್ಣೆ ಗಿರಣಿ ಕಾಂಪೌಂಡಿನಾಗೆ ಒಂದು ಮಳೆಮರ ಐತೆ. ಆಳುಗಳ ಮನೆ ಮ್ಯಾಲೆ ವಾಲ್ಕಂಡೈತೆ. ಮಳೆಗೆ ಮುಂಚೆ ಉರುಳಿಸ್ಬೇಕು. ಇಂಥವು ಬಂದ್ರೆ ಎಲ್ಲಾ ದಾವಣಗೆರೆ ಗ್ಯಾಂಗಿನೋರ ಪಾಲು, ದೊಡ್ ಮಿಷಿನ್ ಅವ್ರ ಹತ್ರ ಮಾತ್ರ ಐತೆ. ಅವ್ರಿಗೆ ಗೊತ್ತಾದ್ರೆ ಓಡಿ ಬಂದು ಒಪ್ಕಂಡ್ಬಿಡ್ತಾರೆ ಅಂತ ಇವ್ರು ಬಾಯಿ ಕಟ್ಕಂಡಿದ್ರು. ಜಂಬಣ್ಣೋರು ಬರೋ ಗುರುವಾರದ ತಂಕ ಕಾಯ್ತೀನಿ ಅಂದವ್ರೆ. ಇವತ್ತು ಶನಿವಾರ."

"ಹದಿನೆಂಟರಲ್ಲೇ ಎರಡೂ ಕಡೆಯಿಂದ ಕೊಯ್ಯಬಹುದಲ್ಲ?"

"ಹಂಗೆ ಕೊಯ್ದೇ ನಮ್ ಉಗ್ರಪ್ಪ ಕುಂಟ ಆಗಿದ್ದು" ಎಂದಳು. ಭೀಮಸಮುದ್ರದ ತೋಟವೊಂದರಲ್ಲಿ ದಪ್ಪ ಮಾವಿನ ಮರ. ಈ ಕಡೆಯಿಂದ ಒಂದು ಕೊಯ್ತ, ಆ ಕಡೆಯಿಂದ ಒಂದು. ಎರಡೂ ಒಂದೇ ಮಟ್ಟಕ್ಕೆ ಸೇರಲಿಲ್ಲ. ಬೊಡ್ಡೆ ಸೀಳಿ ಹಿಂದಕ್ಕೆ ಕೂತು ಅವಳ ತಮ್ಮನ ಪಾದದ ಮೇಲೆ ಇಳಿಯಿತು. ಅಂದಿನಿಂದ ಚಿತ್ತಪ್ಪ ಒಂದೇ ಕಡೆ ನಿಂತು ಒಂದೇ ಕೊಯ್ತದಲ್ಲಿ ಮುಗಿಯದ ಮರವನ್ನು ಒಪ್ಪಿಕೊಂಡಿಲ್ಲ. ಐದು ವರ್ಷದಿಂದ ದೊಡ್ಡ ಕೆಲಸಗಳೆಲ್ಲ ಕೈಬಿಟ್ಟು ಹೋಗಿದ್ದವು.

ಬುಡದ ಪಕ್ಕದಲ್ಲಿ ಉಳಿದಿದ್ದ ಮರದ ಹೊಟ್ಟನ್ನು ಕೈಗೆ ತೆಗೆದುಕೊಂಡೆ. ಹಿಟ್ಟಿನಷ್ಟು ನುಣುಪು. ಮಿಷಿನಿನ ಹೊಟ್ಟು ಅವಲಕ್ಕಿಯಂತೆ ಬಿಲ್ಲೆ ಬಿಲ್ಲೆಯಾಗಿ, ಎಣ್ಣೆ ಹತ್ತಿಕೊಂಡಿರುತ್ತದೆ. ಇದು ಕೈಗರಗಸದ ಕೆಲಸ. ಮಿಷಿನ್ ಓಡಿಸಿದ್ದರೆ ಊರೇ ಎದ್ದು ಕೂರುತ್ತಿತ್ತು. ಇದೆಲ್ಲ ಮೂರು ದಿನದ ಹಿಂದೆಯೂ ಅಲ್ಲೇ ಇತ್ತು. ಅನುಮಾನಕ್ಕೆ ಒಂದು ಹೆಸರು ಸಿಕ್ಕಿದ್ದರಿಂದ ನಾನು ಬಗ್ಗಿ ನೋಡಿರಲಿಲ್ಲ.

ಅಂದೇ ನಿಂಗಕ್ಕನ ಜೊತೆ ಹೋದ ಅರಣ್ಯ ವಲಯದ ಕಚೇರಿಯಲ್ಲಿ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವರು. ನನ್ನ ಮಾತನ್ನು ಪೂರ್ತಿ ಕೇಳಿ, "ಮಿಷಿನಿಂದಲ್ಲ ಅಂತ ನಮಗೂ ಅನ್ನಿಸಿತ್ತು ಮೇಡಂ. ಆದರೆ ಅವನ ಮನೆಯಲ್ಲಿ ಅಪ್ಪನ ಕಾಲದ ಕೈಗರಗಸ ಇದೆ. ನಿಮ್ಮ ಹೇಳಿಕೆಯಲ್ಲಿ ಆ ಮೂವತ್ತು ಅಷ್ಟು ಗಟ್ಟಿಯಾಗಿತ್ತು" ಎಂದರು. ನನ್ನ ಕಾಲೇಜಿನ ಹೆಸರನ್ನೂ ವಿಷಯವನ್ನೂ ಮತ್ತೊಮ್ಮೆ ಕೇಳಿ ಬರೆದುಕೊಂಡರು. ಮುಖದಲ್ಲಿ ನಗು ಇರಲಿಲ್ಲ. ತಡೆದುಕೊಂಡಿದ್ದರು ಎಂದು ನನ್ನ ಅನುಮಾನ.

ಹೊಸ ಹೇಳಿಕೆ ಬರೆಯಲು ಕೂತಾಗ ನಿಂಗಕ್ಕ ಹೆಗಲ ಹಿಂದೆ ನಿಂತಿದ್ದಳು.

"ಏನಂತ ಬರೀತೀರ?"

"ಮೂವತ್ತು ಎಂದರೆ ಬಾರಿನ ಉದ್ದ, ನಾನು ಅದನ್ನು ಮರದ ಸುತ್ತಳತೆ ಎಂದು ತಪ್ಪು ತಿಳಿದೆ, ಆದ್ದರಿಂದ ಚಿತ್ತಪ್ಪನ ಮೇಲೆ ಅನುಮಾನ ಪಡಲು ನನ್ನ ಬಳಿ ಆಧಾರವಿಲ್ಲ ಅಂತ."

"ಕಳ್ಳ ಅಲ್ಲ ಅಂತ ಬರೀರಿ."

"ಅದು ನನಗೆ ಗೊತ್ತಿಲ್ಲ ನಿಂಗಕ್ಕ."

"ಕಳ್ಳ ಅಂತ ಬರೆಯಾವಾಗ ಗೊತ್ತಿತ್ತಾ?"

ನಾನು ಸಹಿ ಹಾಕಿದೆ. ಬರೆದದ್ದನ್ನು ಬದಲಾಯಿಸಲಿಲ್ಲ. ಗೊತ್ತಿಲ್ಲದ್ದನ್ನು ಎರಡನೆಯ ಸಲ ಬರೆಯಬಾರದು ಎಂದು ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಸಂಜೆ ಚಿತ್ತಪ್ಪ ಹೊರಗೆ ಬಂದ. ಮೊದಲು ಮಾಡಿದ ಕೆಲಸವೆಂದರೆ ವಾಪಸು ಕೊಟ್ಟ ಮಿಷಿನಿನ ಮುಚ್ಚಳ ತೆಗೆದು ಒಳಗಿನ ಒಂದೊಂದು ಭಾಗವೂ ಇದೆಯೇ ಎಂದು ನೋಡಿದ್ದು.

ನನ್ನನ್ನು ಅವನು ಬೈಯಲಿಲ್ಲ. ಭಾನುವಾರ ಬೆಳಿಗ್ಗೆ ಬಂದು ಜಗುಲಿಯ ಕೆಳಗೇ ನಿಂತ.

"ನಾಳೆ ದುರ್ಗಕ್ಕೆ ಬರ್ರಿ. ಅಂಗಡಿಯೋನು ಮೂವತ್ತಾರು ತಗೋ ಅಂತ ಗಂಟುಬಿದ್ದವ್ನೆ. ಅವ್ನು ಹೇಳಾದು ನಿಜವಾ ಸುಳ್ಳಾ ನೀವು ಲೆಕ್ಕ ಹಾಕಿ ಹೇಳ್ರಿ."

"ನನ್ನ ಲೆಕ್ಕವನ್ನು ನಂಬುತ್ತೀಯಾ?"

"ನಂಬಾಕೆ ಕರೀತಿಲ್ಲ. ಇಬ್ಬರ್ದೂ ತಾಳೆ ನೋಡಾಕೆ."

ರೇವಣಸಿದ್ದಪ್ಪನವರ ಅಂಗಡಿ ದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮುಂದೆ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಡಬ್ಬಿ. ಒಳಗೆ ಗೋಡೆಗೆ ಸಾಲಾಗಿ ಬಾರುಗಳು. ದೊಡ್ಡ ಎಂಜಿನಿನ ಮಿಷಿನ್ ಒಂದೇ. ಅದಕ್ಕೆ ಇಪ್ಪತ್ತೈದು, ಮೂವತ್ತು, ಮೂವತ್ತಾರು, ಯಾವ ಬಾರನ್ನಾದರೂ ಹಾಕಬಹುದು ಎಂದರು.

"ಮೂವತ್ತಾರೇ ತಗಳಪ್ಪ ಚಿತ್ತಪ್ಪ. ನಾಳೆ ಆಲದಮರ ಸಿಕ್ತು ಅನ್ಕ, ಆಗ ಮತ್ತೆ ನನ್ನ ಹತ್ರ ಓಡಿ ಬರ್ತೀಯಾ?"

"ಆಲದಮರ ಸಿಕ್ಕಾಗ ನೋಡಾಣ. ನಿಮ್ಮ ಮೂವತ್ತಾರು ಎಷ್ಟು ವರ್ಷದಿಂದ ಗೋಡೆ ಮ್ಯಾಲೈತೆ?"

"ಏ, ಹೋದ ತಿಂಗಳು ಬಂದಿದ್ದು!"

ಚಿತ್ತಪ್ಪ ಬಾರಿನ ಮೇಲ್ಗಡೆಯ ಧೂಳನ್ನು ಬೆರಳಿನಿಂದ ಒರೆಸಿ ರೇವಣಸಿದ್ದಪ್ಪನವರ ಮುಂದೆ ಹಿಡಿದ. ಅವರು ಬೇರೆ ಕಡೆ ನೋಡಿ ನಕ್ಕರು.

ಅವನು ಜೇಬಿನಿಂದ ಒಂದು ಸಣಬಿನ ಹಗ್ಗ ತೆಗೆದ. ಹೊಳಲ್ಕೆರೆಯ ಮರಕ್ಕೆ ಸುತ್ತಿ ತಂದದ್ದು, ಎರಡು ತುದಿಗೂ ಗಂಟು. ಅಂಗಡಿಯ ಟೇಪಿನಲ್ಲಿ ಅಳೆದರೆ ಎಂಬತ್ತನಾಲ್ಕು ಇಂಚು. ನಾನು ಮನಸ್ಸಿನಲ್ಲೇ ಭಾಗಿಸಿ, ಅಡ್ಡ ಇಪ್ಪತ್ತಾರೂ ಮುಕ್ಕಾಲು ಎಂದೆ. ಅವನು ಹಗ್ಗವನ್ನು ಸಮನಾಗಿ ಮೂರು ಮಡಿಕೆ ಮಾಡಿ, ಒಂದು ಮಡಿಕೆಯನ್ನು ಟೇಪಿಗೆ ಹಿಡಿದ. ಇಪ್ಪತ್ತೆಂಟು.

"ನಿಂದು ಒಂದೂಕಾಲು ಇಂಚು ಹೆಚ್ಚು ಬರುತ್ತೆ" ಎಂದೆ.

"ಬರ್ಲಿ. ಹೆಚ್ಚಿಗೆ ತಪ್ಪಿದ್ರೆ ಬಾರು ಉದ್ದ ಆಗ್ತದೆ. ಕಮ್ಮಿ ತಪ್ಪಿದ್ರೆ ಕಾಲು ಹೋಗ್ತದೆ."

ಓದು ಬಾರದವನು ಮರ ಕಂಡ ದಿನವೇ ಸುತ್ತನ್ನು ಮೂರರಿಂದ ಭಾಗಿಸಿದ್ದ. ನಾನು ಭಾಗಿಸದೆ ಸಹಿ ಹಾಕಿದ್ದೆ. ಅವನು ಅದನ್ನು ಎತ್ತಿ ಆಡಲಿಲ್ಲ. ಸೀಮೆಸುಣ್ಣ ಕೇಳಿ ತೆಗೆದುಕೊಂಡು ಅಂಗಡಿಯ ನೆಲದ ಮೇಲೆ ಇಪ್ಪತ್ತೆಂಟು ಇಂಚಿನ ದುಂಡು ಎಳೆದ. ಅದರ ಆಚೆಗೆ ಒಂದು ಗೇಣು ಬಿಟ್ಟು ಉದ್ದ ಗೆರೆ ಎಳೆದ. ಅದು ಗಿರಣಿಯ ಗೋಡೆ. ಆ ಸಂದಿನಲ್ಲಿ ನಿಲ್ಲಲು ಜಾಗವಿಲ್ಲ, ಆದ್ದರಿಂದ ಇಪ್ಪತ್ತೈದರ ಬಾರು ಆಗದು. ಈ ಕಡೆಯಿಂದಲೇ ಪೂರ್ತಿ ದಾಟಬೇಕು. ಆಮೇಲೆ ಮೂವತ್ತಾರನ್ನು ದುಂಡಿನ ಮೇಲೆ ಇಟ್ಟ. ಮೂತಿ ಎಂಟು ಇಂಚು ಆಚೆ ಹೋಗಿ ಗೋಡೆಯ ಗೆರೆಗೆ ಒಂದು ಇಂಚಿನ ಹತ್ತಿರ ನಿಂತಿತು.

"ಓಡ್ತಿರೋ ಸರಪಳಿ ಮೂತಿ ಗೋಡೆಗೆ ತಗುಲಿದ್ರೆ ಮಿಷಿನ್ ಎಗರಿ ಬಂದು ನನ್ನ ಕುತ್ಗೆಗೆ ಬೀಳ್ತದೆ. ಇದನ್ನ ಯಾಕೆ ಹೇಳ್ಲಿಲ್ರಿ ನೀವು?"

"ಗೋಡೆ ಇರಾದು ನಂಗೇನ್ ಗೊತ್ತಪ್ಪ?"

"ಕೇಳ್ಬೇಕಿತ್ತು."

ಮೂವತ್ತನ್ನು ಇಟ್ಟ. ದುಂಡಿನಾಚೆ ಎರಡು ಇಂಚು. ಅಷ್ಟಕ್ಕೂ ಅವನಿಗೆ ತೃಪ್ತಿಯಿಲ್ಲ. ಬಾರಿನ ಮೂತಿಯಲ್ಲಿರುವ ಹಲ್ಲಿನ ಗಾಲಿಯನ್ನು ಹೆಬ್ಬೆರಳಿನಿಂದ ತಿರುಗಿಸಿ ಕಿವಿಗೆ ಹಿಡಿದ. ಅಂಚಿನ ತೋಡಿನಲ್ಲಿ ಉಗುರು ಓಡಿಸಿ ತರಕಲಿದೆಯೇ ನೋಡಿದ. ಮಿಷಿನಿಗೆ ಹಾಕಿಸಿ, ಹಿತ್ತಿಲಿನಲ್ಲಿ ಚಾಲೂ ಮಾಡಿ, ಒಂದು ರಟ್ಟಿನ ಡಬ್ಬಿಯ ಮುಂದೆ ಮೂತಿ ಹಿಡಿದು ಜೋರು ಮಾಡಿದ. ರಟ್ಟಿನ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿತು. ಸರಪಳಿಗೆ ತುದಿಯವರೆಗೂ ಎಣ್ಣೆ ಹೋಗುತ್ತಿದೆ ಎಂದರ್ಥ. ಹಟಕ್ಕೆ ಮೂವತ್ತಾರನ್ನೂ ಹಾಕಿಸಿ ಹಾಗೇ ಮಾಡಿಸಿದ. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿತ್ತು. ರೇವಣಸಿದ್ದಪ್ಪನವರು ಮೂವತ್ತಾರನ್ನು ತೆಗೆದುಕೊಂಡು ಹೋಗಿ ಮೊಳೆಗೆ ಸಿಕ್ಕಿಸಿದರು.

"ಏನಮ್ಮ, ನಿಮ್ ಕಡೆಯೋರೆಲ್ಲ ಹಿಂಗೇನಾ?" ಎಂದು ನನ್ನನ್ನು ಕೇಳಿದರು.

"ಇವನೊಬ್ಬನೇ" ಎಂದೆ.

ಮರಳುವಾಗ ಬಸ್ಸಿನಲ್ಲಿ ಮಿಷಿನನ್ನು ಅವನು ತಲೆಯ ಮೇಲಿನ ಸಾಮಾನು ಹಲಗೆಗೆ ಹಾಕಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡ. ಬಾರು ಗೋಣಿಯಲ್ಲಿ, ಕಾಲ ಸಂದಿಯಲ್ಲಿ ನಿಂತಿತ್ತು. ಸಾಮಾನು ತರಲು ಬಂದಿದ್ದ ತಿಪ್ಪೇರುದ್ರಪ್ಪ ಅದೇ ಬಸ್ಸು ಹತ್ತಿದ. ನಮ್ಮಿಬ್ಬರನ್ನೂ ಒಂದೇ ಸಾಲಿನಲ್ಲಿ ಕಂಡು ಗಲಿಬಿಲಿಯಾದ.

"ಎಷ್ಟಿಂಚಿಂದು ತಗಂಡೆ ಚಿತ್ತಪ್ಪ?"

ಚಿತ್ತಪ್ಪ ಕಿಟಕಿಯ ಕಡೆ ತಿರುಗಿಕೊಂಡ. "ಮೇಡಮ್ಮೋರನ್ನ ಕೇಳು. ಅವ್ರು ಬರೆದುಕೊಡ್ತಾರೆ."

ಬಸ್ಸಿನಲ್ಲಿ ನಮ್ಮೂರಿನವರು ಎಂಟು ಹತ್ತು ಜನ ಇದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. ಮೂವತ್ತು ಇಂಚು ಎಂಬುದು ಬಾರಿನ ಉದ್ದ, ಮರದ ಸುತ್ತಲ್ಲ. ಅದು ಬೇಕಾಗುವುದು ಎಂಬತ್ತು ತೊಂಬತ್ತು ಇಂಚು ಸುತ್ತಿನ ಮರಕ್ಕೆ. ಗಂಧದ ಮರದ ವಿಷಯದಲ್ಲಿ ನಾನು ತಪ್ಪು ತಿಳಿದು ದೂರು ಕೊಟ್ಟೆ. ಕಂಡಕ್ಟರ್ ಮಿಷಿನಿಗೂ ಟಿಕೆಟು ಬೇಕಾಗುತ್ತದೆ ಎಂದ.

ಗುರುವಾರ ಚಿತ್ತಪ್ಪ ಮತ್ತು ಉಗ್ರಪ್ಪ ಹೊಳಲ್ಕೆರೆಗೆ ಹೋದರು. ಮಳೆಮರ ಒಂದೇ ಕೊಯ್ತಕ್ಕೆ, ಆಳುಗಳ ಮನೆಯ ಕಡೆಗಲ್ಲದೆ ಬಯಲಿನ ಕಡೆಗೆ ಉರುಳಿತೆಂದು ಜಂಬಣ್ಣನವರು ಆಮೇಲೆ ನನಗೆ ಫೋನಿನಲ್ಲಿ ಹೇಳಿದರು. ಅವರು ಫೋನ್ ಮಾಡಿದ್ದು ಅದಕ್ಕಲ್ಲ. ಇಲಾಖೆಯವರು ಹಿಡಿದುಕೊಂಡು ಹೋಗಿದ್ದ ಮನುಷ್ಯ ಇವನೇನಾ, ಇವನನ್ನು ಇನ್ನೂ ಎರಡು ಮರಕ್ಕೆ ಕರೆಯಬಹುದಾ ಎಂದು ಕೇಳಲು. ಹೊಳಲ್ಕೆರೆಗೆ ಆ ಸುದ್ದಿ ಯಾರು ಮುಟ್ಟಿಸಿದರೋ ತಿಳಿಯದು. ಕರೆಯಬಹುದು ಎಂದೆ. ಯಾಕೆ ಎಂದೂ ವಿವರಿಸಿದೆ. ಆ ವಿವರವನ್ನು ಅಂದಿನಿಂದ ಎಷ್ಟು ಜನಕ್ಕೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೇಳಿದವರು ತಲೆದೂಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, "ಅಂದ್ರೂ ಮರ ಹೋಗಿದ್ದು ನಿಜ ಅಲ್ಲೇನ್ರಿ?" ಎನ್ನುತ್ತಾರೆ. ನಿಜ. ಕದ್ದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ಅದೇ ಗುರುವಾರ ತಿಪ್ಪೇರುದ್ರಪ್ಪ ಒಂದು ಹಗ್ಗ ಹಿಡಿದು ನಮ್ಮ ಜಗುಲಿಗೆ ಬಂದ. ಅಂಗಡಿಯ ಹಿಂದಿನ ತನ್ನ ಹುಣಸೆ ಮರಕ್ಕೆ ಸುತ್ತಿ ತಂದಿದ್ದ.

"ಎಂಬತ್ತೆಂಟು ಬಂತು ಮೇಡಮ್ಮೋರೆ. ಅಡ್ಡ ಎಷ್ಟಾಗ್ತದೆ?"

"ಇಪ್ಪತ್ತೆಂಟು."

ತನ್ನ ಮರಕ್ಕೂ ಕಳವಿನ ಭಯ ಹತ್ತಿ ಅವನ ಮುಖ ಸಣ್ಣದಾಯಿತು. "ಹಂಗಾರೆ ಆ ಬಾರು ನಮ್ ಹುಣಿಸೆಗೂ ಸರಿಹೋಗ್ತದೆ ಅನ್ರಿ" ಎಂದ. ಸರಿಹೋಗುತ್ತದೆ ಎಂದು ಹೇಳಿ ಒಳಗೆ ಹೋದೆ.

ಜೂನ್ ತಿಂಗಳಲ್ಲಿ ನನ್ನ ಪಂಪಿನ ಮನೆಯ ಮೇಲೆ ಬೇವಿನ ಕೊಂಬೆ ಬಾಗಿತು. ಚಿತ್ತಪ್ಪನಿಗೆ ಹೇಳಿ ಕಳಿಸಿದೆ. ಅವನೇ ಬಂದ, ಹೊಲದ ಬದುವಿನ ಆಚೆ ನಿಂತ.

"ಬ್ಯಾರೆಯೋರನ್ನ ಕರ್ಸ್ಕಳ್ರಿ ಮೇಡಮ್ಮೋರೆ. ಸಿಟ್ಟಿಲ್ಲ. ನಿಮ್ ಹೊಲಕ್ಕೆ ಕಾಲಿಟ್ರೆ, ಮುಂದೆ ಏನಾದ್ರೂ ಹೋದಾಗ ನಿಮಗೆ ಮತ್ತೆ ನನ್ನ ಹೆಸ್ರೇ ನೆನಪಾಗ್ತದೆ."

ನಾನು ಇಲ್ಲ ಎನ್ನಲಿಲ್ಲ. ನೆನಪಾಗುವುದಿಲ್ಲ ಎಂದು ಖಾತ್ರಿಯಾಗಿ ಹೇಳುವಂತಿರಲಿಲ್ಲ. ಮಾರನೆಯ ವಾರ ಹೊಸದುರ್ಗದಿಂದ ಇಬ್ಬರನ್ನು ಕರೆಸಿದೆ. ಅವರು ಕೊಂಬೆಯನ್ನು ಪಂಪಿನ ಮನೆಯ ಮೇಲೆಯೇ ಕೆಡವಿ ನಾಲ್ಕು ಶೀಟು ಒಡೆದರು.